ಬೆಳ್ಳಿಯ ಕುಣಿತ

ಬಾಯಿಬಿಟ್ಟು ಹೇಳಲಾರದ್ದನ್ನು ಬರೆದು ತಿಳಿಸುವುದು ನನ್ನ ಹಳೆಯ ರೋಗ. ಮದುವೆಯಾದ ಹೊಸದರಲ್ಲಿ ಉಪ್ಪು ತೀರಿದೆ ಎಂದು ನಿಮ್ಮ ಮುತ್ಯಾನಿಗೆ ಹೇಳಲು ನಾಚಿ, ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿದ್ದೆ. ಅವರು ಅದನ್ನು ಊರಿಗೆಲ್ಲ ಹೇಳಿ ನಕ್ಕರು. ಈಗಲೂ ಹಾಗೇ ಬರೆಯುತ್ತಿದ್ದೇನೆ, ಮೊಮ್ಮಕ್ಕಳೇ. ಆದರೆ ಇದು ನಗುವ ವಿಷಯವಲ್ಲ.

ಕಾಲುವೆಗೆ ನೀರು ಬಂದ ಮೇಲೆ ನಮ್ಮ ಕಡೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಹೊಲ ಕಾಯುವ ನಾಯಿಗಳ ಜಾಗಕ್ಕೆ ಮಂಚ ಕಾಯುವ ನಾಯಿಗಳು ಬಂದವು. ರಂಗಂಪೇಟೆಯ ಶಾಲೆಯಲ್ಲಿ ಕಲಿಸುವ ಅಕ್ಕೋರು ಹೈದರಾಬಾದಿನಿಂದ ತಂದ ಬಿಳಿ ಪಾಮೇರಿಯನ್ ನಾಯಿಯು ಮರಿ ಹಾಕಿದಾಗ ನನ್ನನ್ನೂ ಕರೆದರು. ನಾಲ್ಕು ಮರಿಗಳಲ್ಲಿ ಒಂದು ಐದಾರು ಹೆಜ್ಜೆಗೊಮ್ಮೆ ಹಿಂಗಾಲು ಎತ್ತಿ ಜಿಗಿಯುತ್ತಿತ್ತು. ಅದರ ತಾಯಿಯೂ ಹಾಗೇ ಜಿಗಿಯುತ್ತ ಅಂಗಳ ಸುತ್ತುತ್ತಿತ್ತು.

"ಹುಟ್ಟಿದಾಗೇ ಕುಣಿಯಾಕ ಕಲ್ತದ ನೋಡ್ರಿ," ಎಂದರು ಅಕ್ಕೋರು.

ಅದನ್ನೇ ಆರಿಸಿ ಉಡಿಯಲ್ಲಿ ಹಾಕಿಕೊಂಡು ಬಂದೆ. ಬೆಳ್ಳಿ ಎಂದು ಹೆಸರಿಟ್ಟೆ. ನೀವು ರಜೆಗೆ ಬಂದಾಗಲೆಲ್ಲ ರೊಟ್ಟಿ ಎತ್ತಿ ಹಿಡಿದು ಕುಣಿಸಿದವಳು ನಾನೇ.

ನಿಮ್ಮ ಮುತ್ಯಾ ಬೀಜಕ್ಕೆಂದು ಜೋಳ ಆರಿಸುವಾಗ ತೆನೆ ನೋಡುವ ಮೊದಲು ದಂಟು ಅಲುಗಿಸಿ ಬುಡ ನೋಡುತ್ತಿದ್ದರು. ಅಷ್ಟು ವರ್ಷ ಅವರ ಹಿಂದೆ ಬುಟ್ಟಿ ಹಿಡಿದು ನಡೆದವಳು ನಾನು. ನಾಯಿಮರಿ ಆರಿಸಲು ಕೂತಾಗ ಆ ಬುದ್ಧಿ ಎಲ್ಲಿ ಹೋಗಿತ್ತೋ.

ಎರಡು ವರ್ಷಕ್ಕೆ ಅಕ್ಕೋರೇ ಬೆಳ್ಳಿಗೆ ಗಂಡು ಗೊತ್ತು ಮಾಡಿದರು. ಅವರ ಮನೆಯದೇ, ಬೆಳ್ಳಿಯ ತಾಯಿಯ ಜೊತೆಗೇ ತಂದ ಅದರ ಒಡಹುಟ್ಟು.

"ಹೊರಗಿಂದು ಯಾಕ ದೊಡ್ಡವ್ವ, ಜಾತಿ ಕೆಡ್ತದ. ಇವ ಸೋದರಮಾವನೇ ಆತಲ್ಲ. ನಿಮ್ಮದೂ ಹಂಗೇ ಅಲ್ಲೇನ್ರಿ?"

ನಾನೂ ಸೋದರಮಾವನನ್ನೇ ಕಟ್ಟಿಕೊಂಡವಳು. ಸೆರಗು ಬಾಯಿಗೆ ಒತ್ತಿಕೊಂಡು ಆಗಲಿ ಎಂದು ತಲೆಯಾಡಿಸಿದೆ.

ಮೂರು ಮರಿಗಳಾದವು. ಒಂದು ಮರಿ ಕಣ್ಣು ಬಿಡುವ ಮೊದಲೇ ಸತ್ತಿತು. ಒಂದು ಕಕ್ಕೇರಾಕ್ಕೆ ಹೋಯಿತು. ಇನ್ನೊಂದು ಶಹಾಪುರದ ನಿಮ್ಮ ಮನೆಗೆ ಬಂತು, ಅದಕ್ಕೆ ನೀವು ಹತ್ತಿ ಎಂದು ಹೆಸರಿಟ್ಟಿರಿ. ಆಮೇಲೆ ಒಂದು ದಿನ ಬೆಳ್ಳಿ ಎತ್ತಿದ ಕಾಲನ್ನು ಇಳಿಸಲೇ ಇಲ್ಲ. ಸುರಪುರದ ದನದ ಡಾಕ್ಟರು ಮೊಣಕಾಲು ಹಿಡಿದು ನೋಡಿದರು.

"ಇದು ಕುಣಿತ ಅಲ್ಲರಿ ಯವ್ವಾ, ಚಿಪ್ಪು ಜಾರಾಕತ್ತದ. ಇದರ ತಾಯಿಗೂ ಹಿಂಗೇ ಇತ್ತೇನ್ರಿ?"

"ಇತ್ತುರಿ."

"ಹಂಗಾದ್ರ ರಕ್ತದಾಗೇ ಬಂದದ. ಸಣ್ಣ ಜಾತಿ ನಾಯಿಗೆ ಇದು ಭಾಳ. ಅದೇ ಮನಿತನದಾಗ ಕೂಡಿಸಿದ್ರ ಇನ್ನೂ ಹೆಚ್ಚು. ಮತ್ತ ಮರಿ ಮಾಡಿಸಬ್ಯಾಡ್ರಿ."

ಹೇಳಿಬಿಡೋಣವೆಂದು ಕಕ್ಕೇರಾದ ಬಸ್ಸು ಹತ್ತಿದೆ. ಅಲ್ಲಿ ಅಂಗಳದಲ್ಲಿ ಮರಿ ಕುಣಿಯುತ್ತಿತ್ತು, ಮನೆಮಂದಿ ಚಪ್ಪಾಳೆ ತಟ್ಟುತ್ತಿದ್ದರು. ಚಹಾ ಕುಡಿದು, ಏನೂ ಹೇಳದೆ ತಿರುಗಿ ಬಂದೆ. ಈಗ ಅದೂ ಮರಿ ಹಾಕಿದೆಯಂತೆ. ಎಷ್ಟು ಕುಣಿಯುತ್ತಿವೆ ಎಂದು ಕೇಳುವ ಧೈರ್ಯ ನನಗಿಲ್ಲ.

ಮೊನ್ನೆ ಫೋನಿನಲ್ಲಿ ನೀವು, "ಆಯಿ, ಹತ್ತಿಗೂ ಗಂಡು ನೋಡು, ಅದೂ ಭಾಳ ಚಂದ ಕುಣೀತದ," ಎಂದಿರಿ. ನಾನು ಹೂಂ ಎಂದೆ. ಆ ಹೂಂ ಸುಳ್ಳು. ನಾನು ಗಂಡು ನೋಡುವುದಿಲ್ಲ. ಹತ್ತಿಯ ಕಾಲನ್ನು ಡಾಕ್ಟರಿಗೆ ತೋರಿಸಿ, ಮರಿಯಾಗದಂತೆ ಆಪರೇಷನ್ ಮಾಡಿಸಿ. ಆದ ಕೇಡು ಇದರಿಂದ ಸರಿಹೋಗುವುದಿಲ್ಲ, ಗೊತ್ತು.

ಬೆಳ್ಳಿ ಹೊಸ್ತಿಲ ಬಳಿ ಮಲಗಿ ನನ್ನ ಕೈಯನ್ನೇ ನೋಡುತ್ತಿದೆ. ರೊಟ್ಟಿ ಕಂಡರೆ ಇವತ್ತಿಗೂ ಏಳಲು ಹೆಣಗುತ್ತದೆ. ಕುಣಿದರೇ ಕೊಡುತ್ತಾರೆ ಎಂದು ಕಲಿಸಿದವಳು ನಾನಲ್ಲವೇ. ಹತ್ತಿಗೆ ರೊಟ್ಟಿಯನ್ನು ಎತ್ತಿ ಹಿಡಿಯಬೇಡಿ. ಕೂತಲ್ಲಿಗೇ ಒಯ್ದು ಕೊಡಿ.