ಲೆನೋರಾ ಫೇನ್‌ಳ ಕೊನೆಯ ಸ್ಲೈಡು

ಪ್ರೊಜೆಕ್ಟರಿನ ಬಲ್ಬು ಢಬ್ಬೆಂದು ಸುಟ್ಟುಹೋಗಬಹುದಿತ್ತು. ಸ್ಲೈಡುಗಳು ತಲೆಕೆಳಗಾಗಿ, ವಿಕ್ಟೋರಿಯಾ ರಾಣಿಯ ಕಾಲದ ನಟಿಯೊಬ್ಬಳು ಲೈಬ್ರರಿಯ ಗೋಡೆಯ ಮೇಲೆ ಬಾವಲಿಯಂತೆ ನೇತಾಡಬಹುದಿತ್ತು. ಟ್ರೇ ಕೈಜಾರಿ ಬಿದ್ದು ಸ್ಲೈಡುಗಳೆಲ್ಲ ಚೆಲ್ಲಾಪಿಲ್ಲಿಯಾಗಬಹುದಿತ್ತು. ನೆಲದ ಮೇಲಿನ ವೈರಿಗೆ ಯಾರೋ ಅಜ್ಜಿ ಎಡವಿ, ಸೊಂಟ ಮುರಿದುಕೊಂಡು, ನನ್ನ ವೀಸಾಕ್ಕೇ ಸಂಚಕಾರ ಬರಬಹುದಿತ್ತು. ಮಿಸ್ ಎಡ್ನಾ ಮಾತು ಮರೆಯಬಹುದಿತ್ತು. ಅದಕ್ಕಿಂತ ಭಯಂಕರವೆಂದರೆ, ಮರೆಯದೆ ಮೂರು ಗಂಟೆ ಮಾತಾಡಬಹುದಿತ್ತು. ನಮ್ಮತ್ತೆ ಮುಂದಿನ ಸಾಲಿನಲ್ಲಿ ಕೂತು ಎಲೆಅಡಿಕೆಯ ಚೀಲ ಬಿಚ್ಚಬಹುದಿತ್ತು. ಇಷ್ಟನ್ನೂ ನಾನು ಒಂದು ವಾರ ಮೊದಲೇ ಹಾಳೆಯಲ್ಲಿ ಬರೆದು, ಒಂದೊಂದರ ಎದುರಿಗೂ ಪರಿಹಾರ ಗುರುತು ಹಾಕಿಕೊಂಡಿದ್ದೆ. ನಗಬೇಡಿ, ನನ್ನ ಜಾತಕವೇ ಹಾಗೆ.

ಮೊನ್ನೆ ನಮ್ಮ ಮೇರಿಲ್ಯಾಂಡಿನ ಮನೆಯಲ್ಲಿ ಮಗಳು ಶಾಲೆಯ ಕೆಲಸಕ್ಕೆಂದು ಅದೇ ಹಳೇ ಪ್ರೊಜೆಕ್ಟರನ್ನು ಬೇಸ್‌ಮೆಂಟಿನಿಂದ ಹೊತ್ತು ತಂದು ಹಚ್ಚಿದಳು. ಬಿಸಿ ಬಲ್ಬಿನ ಮೇಲೆ ಧೂಳು ಸುಡುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಿವಿ ಕೆಂಪಾಯಿತು. ಹನ್ನೊಂದು ವರ್ಷವಾದರೂ ಆ ವಾಸನೆಗೆ ನನ್ನ ಕಿವಿಯ ವಿಳಾಸ ಮರೆತಿಲ್ಲ.

ಅರವತ್ತೊಂಬತ್ತನೇ ಇಸವಿಯಲ್ಲಿ ನಾವು ನಾರ್ತ್ ಕ್ಯಾರೊಲೈನಾದ ಒಂದು ಹೊಗೆಸೊಪ್ಪಿನ ಊರಿನಲ್ಲಿದ್ದೆವು. ನಾನು ಮಣ್ಣಿನ ರಸಾಯನಶಾಸ್ತ್ರದವನು. ಆದರೂ ಮನೆಯೊಡತಿ ಮಿಸ್ ಎಡ್ನಾ ಪ್ರೂಯಿಟ್ ನನ್ನನ್ನು ಡಾಕ್ಟರ್ ಎಂದು ಕರೆದು ಮಂಡಿನೋವು ತೋರಿಸುತ್ತಿದ್ದಳು. ಅವಳಿಗೆ ಆಗ ಎಪ್ಪತ್ತನಾಲ್ಕು. ನಾವು ಮಹಡಿಯ ಮೇಲೆ, ಅವಳು ಕೆಳಗೆ. ನಡುವೆ ಅವಳ ಅಮ್ಮನ ಟ್ರಂಕು. ಆ ಟ್ರಂಕನ್ನು ನಾನು ಎಷ್ಟು ಸಲ ಮೆಟ್ಟಿಲು ಹತ್ತಿಸಿ ಇಳಿಸಿದ್ದೇನೆಂದರೆ, ಮಂಡಿನೋವು ಕೊನೆಗೆ ನನಗೇ ಬಂತು.

ಅದರೊಳಗಿನ ಫೋಟೋಗಳಲ್ಲಿದ್ದ ಆ ಅಮ್ಮನೇ ಲೆನೋರಾ ಫೇನ್. ಅದು ರಂಗದ ಹೆಸರು. ನಿಜವಾದ ಹೆಸರು ಆನಿ. ಇಂಗ್ಲೆಂಡಿನ ಬಂದರೂರೊಂದರಲ್ಲಿ ಬಟ್ಟೆ ಹೊಲಿಯುವವಳ ಮಗಳು. ಒಂಬತ್ತನೇ ವಯಸ್ಸಿಗೆ ಸೊಂಟಕ್ಕೆ ತಂತಿ ಕಟ್ಟಿಸಿಕೊಂಡು ಕಿನ್ನರಿಯಾಗಿ ಹಾರಾಡಿದಳು. ಹದಿನಾರಕ್ಕೆ ನಾಯಕಿಗೆ ಗಂಟಲು ಕಟ್ಟಿದ ದಿನ ಬದಲಿಗೆ ನಿಂತು, ಮತ್ತೆ ಆ ಜಾಗ ಬಿಟ್ಟುಕೊಡಲಿಲ್ಲ. ಒಮ್ಮೆ ಗ್ಯಾಸ್ ದೀಪಕ್ಕೆ ಲಂಗದ ಅಂಚು ಹೊತ್ತಿಕೊಂಡಾಗ ಕಾಲಲ್ಲಿ ತುಳಿದು ಆರಿಸುತ್ತಲೇ ಮಾತು ಮುಂದುವರಿಸಿದಳಂತೆ. ವಿಷ ಕುಡಿದು ಸಾಯುವ ದೃಶ್ಯಕ್ಕೆ ಅವಳು ಹೆಸರುವಾಸಿ. ಕಂಪನಿಯೊಡನೆ ಅಮೆರಿಕಕ್ಕೆ ಬಂದು ರೈಲಿನಲ್ಲಿ ಊರೂರು ಸುತ್ತುವಾಗ, ಈ ಹೊಗೆಸೊಪ್ಪಿನ ಊರಿನಲ್ಲಿ ಮ್ಯಾನೇಜರು ಒಂದು ಬೆಳಿಗ್ಗೆ ಹೇಳದೆ ಕೇಳದೆ ಮಾಯವಾದ. ಕಂಪನಿ ಚದುರಿತು. ಬಟ್ಟೆ ಅಂಗಡಿಯ ಪ್ರೂಯಿಟ್ ಅವಳನ್ನು ಮದುವೆಯಾದ. ಒಂದೇ ಷರತ್ತು: ನಾಟಕದ ಮಾತು ಈ ಊರಿನಲ್ಲಿ ಎತ್ತಕೂಡದು. ಅವಳು ಎತ್ತಲಿಲ್ಲ. ನಲವತ್ತು ವರ್ಷ ಚರ್ಚಿನ ಮಕ್ಕಳಿಗೆ ಭಾನುವಾರದ ಪಾಠ ಹೇಳಿ ತೀರಿಕೊಂಡಳು. ಮಗಳು ಎಡ್ನಾಳಿಂದಲೂ ಅಪ್ಪ ಅದೇ ಮಾತು ತೆಗೆದುಕೊಂಡಿದ್ದ.

ಮಿಸ್ ಎಡ್ನಾ ಹೂಡಿದ ಉಪಾಯ ಇಲ್ಲಿದೆ. ಲೈಬ್ರರಿಯಲ್ಲಿ ‘ವಿಕ್ಟೋರಿಯಾ ಕಾಲದ ಒಬ್ಬ ನಟಿಯ ಬದುಕು’ ಎಂಬ ಭಾಷಣ. ಬಣ್ಣ ಬಳಿದ, ವಿಗ್ ಹಾಕಿದ ಚಿತ್ರಗಳು ಮೊದಲು. ಅವಳನ್ನು ಯಾರೂ ಗುರುತಿಸಲಾರರು. ಕೊನೆಗೆ ಚರ್ಚಿನ ಟೋಪಿ ಹಾಕಿ ನಿಂತ ಮಿಸೆಸ್ ಪ್ರೂಯಿಟ್‌ಳ ಚಿತ್ರ. ಬಾಯಿಂದ ಒಂದಕ್ಷರವಿಲ್ಲ. “ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ, ಡಾಕ್ಟರ್. ತೋರಿಸಲ್ಲ ಅಂತ ಕೊಟ್ಟಿಲ್ಲ,” ಎಂದಳು. ಟ್ರಂಕಿನ ಫೋಟೋಗಳನ್ನೆಲ್ಲ ಸ್ಲೈಡು ಮಾಡಿಸಿ ತಂದವನು ನಾನು. ಅವುಗಳ ಕ್ರಮವನ್ನು ಏಳು ಸಲ ಬದಲಾಯಿಸಿದವಳು ಅವಳು. ಆ ಶನಿವಾರ ಮಧ್ಯಾಹ್ನ ಹೊರಡುವಾಗ ಕೊನೆಯ ಸ್ಲೈಡನ್ನು ಬೇರೆಯಾಗಿ ನನ್ನ ಕೈಗಿಟ್ಟಳು: “ಇದೊಂದು ತಪ್ಪಿದ್ರೆ ಉಳಿದಿದ್ದೆಲ್ಲ ದಂಡ.”

ಇಷ್ಟು ಸಾಲದೆಂದು ಅತ್ತೆ. ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಬಂದವರು ಮೂರು ತಿಂಗಳಿಂದ ಎಣ್ಣೆನೀರು, ಸಾಂಬ್ರಾಣಿ ಬಿಟ್ಟು ಬೇರೇನೂ ಕಂಡಿರಲಿಲ್ಲ. ರೇಷ್ಮೆ ಸೀರೆ, ನನ್ನ ಕೋಟು, ಕಾಲಿಗೆ ಕ್ಯಾನ್ವಾಸ್ ಶೂಸು ಹಾಕಿಕೊಂಡು ಕಾರಿನ ಹತ್ತಿರ ನಿಂತಿದ್ದರು.

“ಅತ್ತೆ, ಅದು ಪೂರ್ತಿ ಇಂಗ್ಲಿಷಿನಲ್ಲಿರತ್ತೆ,” ಎಂದೆ.

“ಆ ನಾಟಕದೋಳು ಕೊನೇಲಿ ಸಾಯ್ತಾಳೆ ಅಂದ್ರಲ್ಲ?”

“ಸಾಯ್ತಾಳೆ.”

“ಸಾಯೋದಕ್ಕೆ ಯಾವ ಭಾಷೆ ಬೇಕು ಅಳಿಯಂದ್ರೇ? ನಡೀರಿ, ಹೊತ್ತಾಯ್ತು.”

ಪರದೆ ಎಳೆದ ಕೋಣೆಯಲ್ಲಿ ಟೋಪಿ ಹಾಕಿದ ಮೂವತ್ತು ಹೆಂಗಸರು. ಬಲ್ಬು ಉರಿಯಿತು. ಸ್ಲೈಡುಗಳು ನೆಟ್ಟಗೆ ನಿಂತವು. ಮಿಸ್ ಎಡ್ನಾ ಕುರ್ಚಿಯ ಬೆನ್ನು ಹಿಡಿದುಕೊಂಡು ಸಾವಿನ ದೃಶ್ಯವನ್ನು ಓದಿ ಹೇಳಿ, ತಲೆ ಬಾಗಿಸಿ, ನನಗೆ ಸನ್ನೆ ಮಾಡಿದಳು. ಗುಂಡಿ ಒತ್ತಿದೆ.

ಗೋಡೆಯ ಮೇಲೆ ಬಿಳಿ ಬೆಳಕು. ಬರೀ ಬೆಳಕು.

ಹಿಂದಕ್ಕೆ ಒತ್ತಿದರೆ ವಿಗ್ಗು, ಮುಂದಕ್ಕೆ ಒತ್ತಿದರೆ ಬಿಳಿ. ಮಿಸ್ ಎಡ್ನಾ ಗೋಡೆ ನೋಡಿದಳು, ನನ್ನನ್ನು ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. ಸರಿಯಾಗಿ ಆಗಲೇ ಮುಂದಿನ ಸಾಲಿನಿಂದ, ಮೈಸೂರಿನ ಟೌನ್‌ಹಾಲಿನ ಕೊನೇ ಬೆಂಚಿಗೂ ಮುಟ್ಟುವಂಥ ದನಿ:

“ಒನ್ಸ್ ಮೋರ್!”

ಅತ್ತೆ! ಅವರು ಕಂಪನಿ ನಾಟಕ ನೋಡಿ ಬೆಳೆದವರು. ಅಲ್ಲಿ ಸತ್ತದ್ದು ಚೆನ್ನಾಗಿದ್ದರೆ ಸತ್ತವರು ಎದ್ದು ಇನ್ನೊಂದು ಸಲ ಸಾಯಲೇಬೇಕು; ಅದು ಪ್ರೇಕ್ಷಕರ ಹಕ್ಕು. ಇಲ್ಲಿ ಮೂವತ್ತು ಟೋಪಿಗಳು ಒಟ್ಟಿಗೆ ಅವರತ್ತ ತಿರುಗಿದವು. ಅತ್ತೆ ಬೇಕಾದರೆ ಹತ್ತಿರದಿಂದ ನೋಡಿಕೊಳ್ಳಿ ಎಂಬಂತೆ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ನನ್ನ ಹಾಳೆಯಲ್ಲಿ ಇದಿರಲಿಲ್ಲ.

ಮಿಸ್ ಎಡ್ನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಆ ಬಿಳಿ ಬೆಳಕಿನೊಳಕ್ಕೆ ನಡೆದು ಬಂದಳು. ಈ ಸಲ ಪುಸ್ತಕವಿಲ್ಲ, ಕುರ್ಚಿಯಿಲ್ಲ. ಕೈ ಗಂಟಲಿಗೆ ಹೋಯಿತು, ಬೆರಳು ಒಂದೊಂದಾಗಿ ಬಿಚ್ಚಿಕೊಂಡಿತು, ಆ ಹಾಳು ಮಂಡಿಗಳ ಮೇಲೆ ಕುಸಿದು, ಮೆತ್ತಗೆ ಮಗ್ಗುಲಾದಳು. ಓಡಿಹೋಗಿ ಎತ್ತಬೇಕೋ ಬೇಡವೋ ಎಂದು ನಾನು ಅರ್ಧ ಎದ್ದು ನಿಂತಿದ್ದೆ. ಅವಳೇ ಮೇಜು ಹಿಡಿದು ಎದ್ದಳು.

“ಹೀಗೆ,” ಎಂದಳು. “ನಮ್ಮ ಅಡುಗೆಮನೇಲಿ, ಅಪ್ಪ ಅಂಗಡಿಗೆ ಹೋದ ಮೇಲೆ, ನನ್ನ ಅಮ್ಮ ಹೀಗೆ ಸಾಯ್ತಿದ್ಲು.”

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಎದ್ದಳು. “ಆನಿ? ನಮಗೆ ಭಾನುವಾರ ಪಾಠ ಹೇಳ್ತಿದ್ದ ಆನಿ?”

ವಾಪಸು ಬರುವಾಗ ಕಾರಿನಲ್ಲಿ ಮಿಸ್ ಎಡ್ನಾ, “ಆ ಸ್ಲೈಡನ್ನ ನಾನೇ ಎಲ್ಲೋ ಬಿಟ್ಟಿರಬೇಕು,” ಎಂದಳು. ನಾನು ಬೀಗದಕೈಗೆಂದು ಅಂಗಿಯ ಜೇಬು ತಡಕುವಾಗಲೇ ಅದು ಬೆರಳಿಗೆ ಸಿಕ್ಕಿತ್ತು. ಟ್ರೇ ಬಿದ್ದರೆ ಮುಖ್ಯವಾದದ್ದು ಕಳೆಯಬಾರದೆಂದು ನಾನೇ ಅಲ್ಲಿಟ್ಟಿದ್ದೆ. ಹಾಳೆಯಲ್ಲಿ ಆ ಪರಿಹಾರವನ್ನು ಬರೆದೂ ಇದ್ದೆ. ತೆಗೆದು ಟ್ರೇಗೆ ಹಾಕಬೇಕೆಂದು ಮಾತ್ರ ಬರೆದಿರಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಆಮೇಲೆ ಕೆಲಸ ಬದಲಾಯಿತು, ಊರು ಬದಲಾಯಿತು, ಪ್ರತಿ ಕ್ರಿಸ್‌ಮಸ್ಸಿಗೆ ಅವಳ ಕಾರ್ಡು ಬಂದಾಗಲೂ ಮುಂದಿನ ವರ್ಷ ಎಂದುಕೊಂಡೆ.

ಪ್ರೊಜೆಕ್ಟರಿನ ಡಬ್ಬಿಯ ತಳದಲ್ಲಿ ನಾನು ಅದನ್ನು ಹಾಕಿಟ್ಟಿದ್ದ ಲಕೋಟೆಯನ್ನು ಮೊನ್ನೆ ಮಗಳು ಬಿಚ್ಚಿ, ಸ್ಲೈಡು ಹಾಕಿಯೇಬಿಟ್ಟಳು. ನಮ್ಮ ಊಟದ ಮೇಜಿನ ಹಿಂದಿನ ಗೋಡೆಯ ತುಂಬ ಮಿಸೆಸ್ ಪ್ರೂಯಿಟ್: ಟೋಪಿ, ಬಿಗಿದ ತುಟಿ, ಇನ್ನೇನು ಯಾರನ್ನೋ ಬೈಯಲಿರುವ ಕಣ್ಣು. “ಅಪ್ಪಾ, ಹೂ ಈಸ್ ದಿಸ್?” ಹೇಳಿದೆ, ಎಲ್ಲ. ಹನ್ನೊಂದರ ಹುಡುಗಿ ಹಣೆ ಚಚ್ಚಿಕೊಂಡಳು. “ಅಪ್ಪಾ, ಜಸ್ಟ್ ಕಾಲ್ ಮಾಡಿ!”

ಮಾಡಿದೆ. ಎಂಬತ್ತೈದರ ದನಿ ಗಟ್ಟಿಯಾಗೇ ಇತ್ತು. ಒಂದೇ ಉಸಿರಿನಲ್ಲಿ ತಪ್ಪೊಪ್ಪಿಕೊಂಡೆ.

“ಗೊತ್ತು ಹನೀ,” ಎಂದಳು. “ಗೋಡೆಯ ಬೆಳಕಿಗೆ ನಿನ್ನ ಜೇಬಿನಿಂದ ಅದರ ಬಿಳೀ ಅಂಚು ಕಾಣಿಸ್ತಿತ್ತು.”

“ಮತ್ತೆ ಅಲ್ಲೇ ಕೇಳಬಹುದಿತ್ತಲ್ಲ!”

“ಕೇಳೋಣ ಅಂತಾನೇ ಬಾಯಿ ತೆರೆದೆ. ಅಷ್ಟರಲ್ಲಿ ನಿಮ್ಮತ್ತೆ ನನ್ನನ್ನ ಒನ್ಸ್ ಮೋರ್ ಕೇಳಿಬಿಟ್ರು. ಈ ಊರಲ್ಲಿ ಅಮ್ಮನ್ನ ಹಾಗೆ ಕೇಳೋರು ಒಬ್ರೂ ಇರಲಿಲ್ಲ.”

“ಹಾಗಾದ್ರೆ ಕಾರಿನಲ್ಲಿ ‘ನಾನೇ ಎಲ್ಲೋ ಬಿಟ್ಟೆ’ ಅಂದಿದ್ದು ಯಾಕೆ?”

“ನೀನು ಡ್ರೈವ್ ಮಾಡ್ತಿದ್ದೆ. ನಿನ್ನನ್ನ ಗಾಬರಿ ಮಾಡಿದ್ರೆ ಮೂರೂ ಜನ ಮರಕ್ಕೆ ಗುದ್ದಿರ್ತಿದ್ವಿ.”

ಹನ್ನೊಂದು ವರ್ಷ! ಫೋನು ಇಟ್ಟು ಬಂದು ಗೋಡೆಯೆದುರು ಕೂತೆ. ಬಲ್ಬು ಕಾಯುತ್ತಿತ್ತು, ಧೂಳು ಸುಡುತ್ತಿತ್ತು, ಆರಿಸಬೇಕೆಂದು ನನಗೆ ಅನ್ನಿಸಲಿಲ್ಲ. ಆ ಶನಿವಾರ ಬಲ್ಬು ಸುಟ್ಟುಹೋಗಲಿಲ್ಲ, ಟ್ರೇ ಬೀಳಲಿಲ್ಲ, ಅಜ್ಜಿ ಎಡವಲಿಲ್ಲ, ಎಲೆಅಡಿಕೆಯ ಚೀಲವೂ ಬಿಚ್ಚಿಕೊಳ್ಳಲಿಲ್ಲ. ಅವತ್ತು ಆದ ಎಡವಟ್ಟು ಇಷ್ಟೇ: ನನ್ನ ಅಂಗಿಗೆ ಒಂದು ಜೇಬಿತ್ತು.