ಟೈಲರಣ್ಣನನ್ನು ಕೇಳದೆ ಉಳಿದ ಪ್ರಶ್ನೆ

ಮೊನ್ನೆ ಗುಬ್ಬಿಗೆ ಹೆಣ್ಣು ನೋಡಲು ಹೋಗಿದ್ದೆವು. ಉಪ್ಪಿಟ್ಟು, ಕೇಸರಿಬಾತು, ಕಾಫಿ ಮುಗಿದು ದೊಡ್ಡವರು ಮಾತಿಗೆ ಕುಳಿತ ಮೇಲೆ ನನಗೆ ಒಳಗೆ ಕೂರಲಾಗಲಿಲ್ಲ. ಫೋನ್ ಬಂದವನಂತೆ ಎದ್ದು ಹೊರಗೆ ಬಂದೆ. ಆ ಮನೆಯ ಪಕ್ಕದಲ್ಲೇ ಒಂದು ಸಾಮಿಲ್. ಹಲಸಿನ ದಿಮ್ಮಿ ಕೊಯ್ಯುತ್ತಿದ್ದರು. ಹಳದಿ ಹೊಟ್ಟು ಗಾಳಿಗೆ ಹಾರಿ ಬಂದು ಮೂಗಿಗೆ ಬಡಿಯಿತು ನೋಡಿ... ಕಾಲು ಅಲ್ಲೇ ನಿಂತಿತು.

ಅದೇ ವಾಸನೆ. ಕುಣಿಗಲ್‌ನ ಒಂದು ಪುಟ್ಟ ಅಂಗಡಿಯ ಹಿತ್ತಲು, ಸೀಮೆಎಣ್ಣೆ ಸ್ಟವ್ ಮೇಲೆ ಕುದಿಯುತ್ತಿದ್ದ ಹಲಸಿನ ಚಕ್ಕೆ, ಅದರಲ್ಲಿ ಮುಳುಗಿದ್ದ ಬಿಳಿ ಬಟ್ಟೆ, ಪಕ್ಕದಲ್ಲಿ ಕೋಲು ಹಿಡಿದು ನಿಂತ ಟೈಲರಣ್ಣ.

ಅವರು ನಮ್ಮ ಬೀದಿಯ ಲೇಡೀಸ್ ಟೈಲರ್. ಒಂಟಿ ಜೀವ. ಅವರ ನಡಿಗೆ, ಕೈ ತಿರುಗಿಸುವ ರೀತಿ, ದನಿ... ಊರಿಗೆ ಅಷ್ಟು ಸಾಕಿತ್ತು. ಎದುರು ಗ್ಯಾರೇಜಿನವನು ದಿನಾ ಕೂಗುತ್ತಿದ್ದ, “ಏನ್ ಮೇಡಂ, ಟೀ ಆಯ್ತಾ?”

“ನೀನ್ ಕುಡಿಸ್ದಾಗ ಆಯ್ತದೆ ಬಾರ್ಲಾ,” ಎಂದು ಇವರೂ ಬಿಡುತ್ತಿರಲಿಲ್ಲ. ಆದರೆ ಆಮೇಲೆ ಸ್ವಲ್ಪ ಹೊತ್ತು ಹೊಲಿಗೆ ಮಿಷನ್ ವಿಪರೀತ ಜೋರಾಗಿ ಓಡುತ್ತಿತ್ತು.

ನಾನು ಆಗ ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಎರಡು ಸಾವಿರದ ಇಸವಿಯ ಆಸುಪಾಸು. ಬಸ್ ಸ್ಟ್ಯಾಂಡ್ ಹತ್ತಿರ ಫುಟ್‌ಪಾತಿನಲ್ಲಿ ಸಿಕ್ಕ ಹಳೆಯ ಪುಸ್ತಕಗಳಿಂದ ಬುದ್ಧನ ಹುಚ್ಚು ಹಿಡಿದಿತ್ತು. ಕಲಿಸುವವರು ಯಾರೂ ಇಲ್ಲ. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಊಟ ಸೇರುತ್ತಿರಲಿಲ್ಲ. ಒಮ್ಮೆ ಅಮ್ಮನ ಬ್ಲೌಸ್ ಪೀಸ್ ಕೊಡಲು ಹೋದವನು ಒಂದು ಪುಸ್ತಕವನ್ನು ಅವರ ಅಂಗಡಿಯಲ್ಲೇ ಬಿಟ್ಟು ಬಂದೆ. ಮರುದಿನ ಹೋದರೆ ಕತ್ತರಿ ಕೆಳಗಿಟ್ಟು ಕೂತಿದ್ದರು.

“ಇದ್ರಲ್ಲಿ ‘ನಾನು’ ಅನ್ನೋ ಗಟ್ಟಿ ವಸ್ತುನೇ ಇಲ್ಲ ಅಂತ ಬರ್ದವ್ರಲ್ಲ, ನಿಜವೇನ್ಲಾ?”

“ಹೂಂ ಅಣ್ಣ.”

“ಹುಟ್ದಾಗ್ಲಿಂದ ಎಲ್ರೂ ನಂಗೆ ಕೇಳಿರೋದು ಒಂದೇ. ನೀನ್ ಗಂಡೋ, ಹೆಣ್ಣೋ? ಈ ಪುಣ್ಯಾತ್ಮ ಒಬ್ಬ ಆ ಪ್ರಶ್ನೇನೇ ಬುಡು ಅಂದವ್ನೆ ಕಣೋ!”

ಅಲ್ಲಿಂದ ಶುರುವಾಯಿತು. ದೇಹ, ಅನುಭವ, ಗುರುತಿಸುವಿಕೆ, ಸಂಸ್ಕಾರ, ಅರಿವು... ಈ ಐದು ಕಂತೆ ಸೇರಿದ್ದಕ್ಕೆ ‘ನಾನು’ ಎಂದು ಹೆಸರಿಟ್ಟಿದ್ದೇವೆ ಅಷ್ಟೇ ಎಂದು ನಾನು ಭಾಷಣ ಬಿಗಿದರೆ, ಅವರು ಬಾಯಲ್ಲಿ ದಾರ ಕಡಿಯುತ್ತಾ ಹೇಳಿದ್ದರು, “ಬ್ಲೌಸ್ ಥರ ಅನ್ನು. ತೋಳು, ಬೆನ್ನು, ಪಟ್ಟಿ ಎಲ್ಲ ಬಿಚ್ಚಿಟ್ರೆ ಬ್ಲೌಸ್ ಅನ್ನೋದು ಎಲ್ಲೈತೆ?”

ಬಾಗಿಲಲ್ಲಿ ಕಾಯುತ್ತಿದ್ದ ಹೆಂಗಸು ಗಾಬರಿಯಾದಳು. “ಅಯ್ಯೋ, ಬಿಚ್ಚಿಟ್ಟಿದೀಯಾ? ಶುಕ್ರವಾರ ಮದ್ವೆ ಐತೆ ಕಣಪ್ಪ, ನಂಗೆ ಬ್ಲೌಸ್ ಇರ್ಲೇಬೇಕು!”

ನನಗೆ ಹುಡುಗರ ಮೇಲೆ ಮನಸ್ಸು ಎಂಬುದು ಆ ಊರಿನಲ್ಲಿ ಅವರೊಬ್ಬರಿಗೆ ಗೊತ್ತಿತ್ತು. ನಾನು ಬಾಯಿ ಬಿಟ್ಟು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಕೇಳದೆಯೂ ಗೊತ್ತಿರುವವರು ಒಬ್ಬರಿದ್ದಾರೆ ಎನ್ನುವುದೇ ಆ ದಿನಗಳಲ್ಲಿ ನನಗೆ ದೊಡ್ಡ ಆಸರೆ.

ಒಂದು ದಿನ, ಭಿಕ್ಷು ಆಗುತ್ತೇನೆ ಎಂದರು. ತಮಾಷೆಗಲ್ಲ. ತುಮಕೂರಿಗೆ ಆಗಾಗ ಒಬ್ಬರು ವಯಸ್ಸಾದ ಬೌದ್ಧ ಗುರು, ಭಂತೇಜಿ, ಬರುತ್ತಿದ್ದರು. ಅವರಿಗೆ ಒಪ್ಪಿಗೆಯಾದರೆ ತಮ್ಮ ವಿಹಾರಕ್ಕೆ ಕರೆದೊಯ್ದು ದೀಕ್ಷೆ ಕೊಡಿಸುವವರಿದ್ದರು. ಟೈಲರಣ್ಣ ಚೀವರವನ್ನು ತಾವೇ ಹೊಲಿದರು. ಭಿಕ್ಷುಗಳ ಆ ಬಟ್ಟೆಯನ್ನು ತುಂಡು ತುಂಡು ಮಾಡಿ, ಬದು ಹಾಕಿದ ಗದ್ದೆಯಂತೆ ಮತ್ತೆ ಸೇರಿಸಬೇಕು. “ಚೆನ್ನಾಗಿರೋ ಬಟ್ಟೆ ಕತ್ತರಿಸಿ ಹೊಲಿ ಅಂದವ್ರೆ. ಯಾರೋ ಟೈಲರೇ ಹೇಳ್ಕೊಟ್ಟಿರ್ಬೇಕು,” ಎಂದು ನಗುತ್ತಿದ್ದರು. ಹಲಸಿನ ಮರದ ಒಳತಿರುಳಿನ ಚಕ್ಕೆ ತಂದು, ಕುದಿಸಿ, ಕಾವಿ ಬಣ್ಣ ಕಟ್ಟಿದರು. ಅಷ್ಟು ಖುಷಿಯಾಗಿದ್ದ ಅವರನ್ನು ನಾನು ಮತ್ತೆ ನೋಡಲಿಲ್ಲ...

ದೀಕ್ಷೆಗೆ ಮುಂಚೆ ಕೆಲವು ಪ್ರಶ್ನೆ ಕೇಳುತ್ತಾರೆಂದು ಓದಿದ್ದೆ. ಅವನ್ನು ಬಾಯಿಪಾಠ ಮಾಡಿ, ಅಂಗಡಿಯ ಸ್ಟೂಲ್ ಮೇಲೆ ಕೂತು ನಾನೇ ಭಂತೇಜಿಯಾದೆ. ಕುಷ್ಠ ಇದೆಯೇ? ಇಲ್ಲ ಭಂತೇ. ಮೂರ್ಛೆರೋಗ ಇದೆಯೇ? ಇಲ್ಲ ಭಂತೇ. ನೀನು ಮನುಷ್ಯನೇ? ಹೌದು ಭಂತೇ. ನೀನು ಗಂಡಸೇ?

ಅವರು ಕತ್ತಿನಲ್ಲಿದ್ದ ಟೇಪನ್ನು ಕೈಗೆ ತೆಗೆದುಕೊಂಡರು.

“ಹೌದು ಅನ್ನಿ ಅಣ್ಣ. ‘ನಾನು’ ಅನ್ನೋದೇ ಇಲ್ಲ ಅಂದ್ಮೇಲೆ ಬರೀ ಮಾತು ತಾನೆ?”

“ಬರೀ ಮಾತಾದ್ರೆ ಬಾಗ್ಲಲ್ಲಿ ನಿಲ್ಸಿ ಯಾಕ್ ಕೇಳ್ತಾರೋ?” ಎಂದರು. ಇಷ್ಟೂ ಪುಸ್ತಕ ಓದಿದ್ದೆ, ಇದೊಂದು ಹೊಳೆದಿರಲಿಲ್ಲ. ಅವರೇ ಮೆಲ್ಲಗೆ ಹೇಳಿದರು, “ನಾನ್ ಹೆಂಗಸು ಅಂತಾನೂ ಅಲ್ಲ ಕಣೋ. ಗಂಡಸು ಅನ್ನೋದು ಒಳಗೆ ಹುಡುಕುದ್ರೂ ಸಿಗಾಕಿಲ್ಲ.” ಆಮೇಲೆ ಎಷ್ಟು ಸಲ ಪ್ರಾಕ್ಟೀಸ್ ಮಾಡಿದರೂ ಆ ಪ್ರಶ್ನೆಗೆ ಬಂದಾಗ ಅವರ ಕೈ ಟೇಪಿನ ತುದಿಯನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು.

ಭಂತೇಜಿ ಬಂದ ದಿನ ಇಬ್ಬರೂ ಪ್ರೈವೇಟ್ ಬಸ್ ಹತ್ತಿ ತುಮಕೂರಿಗೆ ಹೋದೆವು. ಯಾರದೋ ಮನೆಯ ಮಹಡಿ ಕೋಣೆ. ಚೀವರ ಕವರಿನಲ್ಲಿತ್ತು. ಭಂತೇಜಿ ಅದನ್ನು ಬಿಡಿಸಿ, ಹೊಲಿಗೆ ಮುಟ್ಟಿ ನೋಡಿ, “ಬಹಳ ಚೆನ್ನಾಗಿದೆ,” ಎಂದರು. ಆಮೇಲೆ ದೀಕ್ಷೆಯ ದಿನ ಕೇಳುವ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರು. ಆ ಪ್ರಶ್ನೆ ಬಂತು. ನಾನು ಹಿಂದೆ ಕೂತು ಮನಸ್ಸಿನಲ್ಲೇ ಹೌದು, ಹೌದು, ಹೌದು ಅನ್ನುತ್ತಿದ್ದೆ.

“ಭಂತೇ, ಹೌದು ಅಂದ್ರೆ ಸುಳ್ಳಾಯ್ತದೆ,” ಎಂದರು ಟೈಲರಣ್ಣ.

ಭಂತೇಜಿ ಚೀವರದ ಹೊಲಿಗೆಯ ಮೇಲೆ ಮತ್ತೊಮ್ಮೆ ಬೆರಳಾಡಿಸಿದರು. ಕೊನೆಗೆ, “ನಿಮ್ಮ ಮೇಲೆ ನನಗೆ ಗೌರವ ಇದೆ. ಆದರೆ ಮುಂದಿನ ಪ್ರಶ್ನೆ ನಾನು ಕೇಳುವ ಹಾಗಿಲ್ಲ. ಈ ನಿಯಮ ನಾನು ಮಾಡಿದ್ದಲ್ಲ,” ಎಂದು ಚೀವರವನ್ನು ಮಡಚಿ, ಎರಡೂ ಕೈಯಲ್ಲಿ ವಾಪಸ್ ಕೊಟ್ಟರು.

ಬಸ್ಸಿನಲ್ಲಿ ನಾನು ಉರಿದುಬೀಳುತ್ತಿದ್ದೆ. ಬುದ್ಧನನ್ನೂ ಸೇರಿಸಿ ಎಲ್ಲರನ್ನೂ ಬೈದೆ. ಅವರು ಕಿಟಕಿ ಕಡೆ ನೋಡುತ್ತಾ ಕೇಳಿದರು, “ಮುಂದಿನ ಪ್ರಶ್ನೆ ಯಾವ್ದ್ಲಾ? ಮರ್ತೇ ಹೋಯ್ತು.”

“ನೀನು ಸ್ವತಂತ್ರನೇ, ಅಂತ.”

“ಹೌದಲ್ವಾ... ಅದುನ್ನ ಕೇಳಿದ್ರೆ ಇವತ್ತು ಹೇಳ್ಬುಡ್ತಿದ್ದೆ ಕಣೋ.”

ಚೀವರ ಆಮೇಲೆ ಹೊಲಿಗೆ ಮಿಷನ್ನಿನ ಹೊದಿಕೆಯಾಯಿತು. ಸಂಜೆ ಅಂಗಡಿ ಮುಚ್ಚುವಾಗ ಮಗುವಿಗೆ ಹೊದಿಸುವ ಹಾಗೆ ಹೊದಿಸುತ್ತಿದ್ದರು. ನನಗೆ ತುಮಕೂರಿನಲ್ಲಿ ಕೆಲಸ ಸಿಕ್ಕಿತು, ಅಮ್ಮನೂ ನನ್ನ ಜೊತೆ ಬಂದಳು, ಕುಣಿಗಲ್‌ಗೆ ಹೋಗಿಬರುವುದು ಕಡಿಮೆಯಾಯಿತು. ಹೋದ ಬೇಸಿಗೆಯಲ್ಲಿ ಹೋದರೆ ಅಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ. ಗ್ಯಾರೇಜಿನವನೇ ಕೈ ಒರೆಸಿಕೊಂಡು ಬಂದು ಹೇಳಿದ, “ನಮ್ ಮೇಡಂ ಹೋಗ್ಬುಟ್ರು ಕಣಪ್ಪ. ಆ ಕಾವಿ ಬಟ್ಟೆ ಹೊದ್ಸೇ ಮಣ್ ಮಾಡಿದ್ವಿ. ನಾನೇ ಹೊದ್ಸಿದ್ದು.” ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಸಾಮಿಲ್ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಅಮ್ಮ ಸೆರಗು ಸರಿಮಾಡಿಕೊಳ್ಳುತ್ತಾ ಹೊರಗೆ ಬಂದಳು. “ಏನ್ಲಾ, ಒಬ್ನೇ ನಿಂತಿದೀಯ? ಹುಡ್ಗಿ ಒಪ್ಗೆ ಅಲ್ವಾ? ಒಳಗೆ ಎಲ್ರೂ ಕಾಯ್ತಾವ್ರೆ. ಹೌದು ಅನ್ಬುಡು ಅತ್ಲಾಗೆ.”

ಶರ್ಟಿನ ಮೇಲೆಲ್ಲ ಹಳದಿ ಹೊಟ್ಟು ಕೂತಿತ್ತು.

“ಹೌದು ಅಂದ್ರೆ ಸುಳ್ಳಾಗುತ್ತೆ ಅಮ್ಮ,” ಎಂದೆ.

ಅಮ್ಮ ಅಲ್ಲೇ ನಿಂತಳು. ನನ್ನ ಮುಖವನ್ನೇ ನೋಡಿದಳು. ಮೂರು ದಿನವಾಯಿತು, ಯಾಕೆ ಎಂಬ ಮುಂದಿನ ಪ್ರಶ್ನೆಯನ್ನು ಅವಳು ಇನ್ನೂ ಕೇಳಿಲ್ಲ. ನಾನು ಕಾಯುತ್ತಿದ್ದೇನೆ... ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಪ್ರಾಕ್ಟೀಸ್ ಮಾಡಿಸಲು ಟೈಲರಣ್ಣ ಇಲ್ಲ.