ದಿಂಡಿಗೆ ಹೊರಟ ಬ್ಯಾಟರಿ

ಮೊದಲು ಸುಟ್ಟದ್ದು ರೊಟ್ಟಿ. ಆಮೇಲೆ ಕಮಲಾಳ ಕೈ.

ಕಮಲಾ ನನ್ನ ಹೆಂಡತಿ. ಮೂವತ್ತು ವರ್ಷದಿಂದ ನಾನು ಏಳುವುದೇ ಅವಳು ರೊಟ್ಟಿ ಬಡಿಯುವ ಸದ್ದಿಗೆ. ಹೋದ ವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಆ ಸದ್ದು ಅರ್ಧಕ್ಕೇ ನಿಂತಿತು. ಸೀದ ವಾಸನೆ ಬಂತು. ಅಡುಗೆಮನೆಗೆ ಓಡಿದೆ. ಅವಳು ಒಲೆಯ ಮುಂದೆ ನಿಂತಲ್ಲೇ ತೂಕಡಿಸಿದ್ದಳು. ಕೈ ಹಂಚಿಗೆ ತಗುಲಿದ ಮೇಲೆಯೇ ಎಚ್ಚರವಾಗಿದ್ದು.

"ರಾತ್ರಿ ಮಕ್ಕೊಂಡಿದ್ದಿಲ್ಲೇನು?" ಅಂದೆ.

"ಮಕ್ಕೊಂಡಿದ್ದೆನ್ರಿ. ಎದ್ದ ಮ್ಯಾಲ ಮಕ್ಕೊಂಡಂಗ ಅನಸಂಗೇ ಇಲ್ಲ."

ನಾನು ಆಟೋ ಎಲೆಕ್ಟ್ರಿಷಿಯನ್. ಪುಣೆಯ ಕೊಂಢವಾದಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಲಾರಿಗಳ ವೈರಿಂಗು, ಸೆಲ್ಫು, ಡೈನಮೋ ನನ್ನ ಕೆಲಸ. ಕಮಲಾಳ ಗೊರಕೆ ನಮ್ಮ ಮನೆಯಲ್ಲಿ ಹಳೆಯ ತಮಾಷೆ. "ಲೋಡ್ ಗಾಡಿ ಘಾಟ್ ಹತ್ತಲಕತ್ತದ" ಎಂದು ಬೀಗರ ಮುಂದೆಲ್ಲ ಹೇಳಿ ನಗಿಸಿದವನು ನಾನೇ. ಆ ಗಾಡಿ ಆಗಾಗ ನಡುವೆ ನಿಂತುಬಿಡುತ್ತಿತ್ತು, ಒಂದು ಜಗ್ಗಿಗೆ ಮತ್ತೆ ಹೊರಡುತ್ತಿತ್ತು. ಸದ್ದು ನಿಂತಾಗ ನನಗೆ ಖುಷಿಯೇ ಆಗುತ್ತಿತ್ತು. ಮಗ್ಗುಲು ಬದಲಿಸಿ ಮಲಗುತ್ತಿದ್ದೆ.

ನಿಲ್ಲುತ್ತಿದ್ದದ್ದು ಅವಳ ಉಸಿರು.

ಇದನ್ನು ಹೇಳಿದ್ದು ಸ್ಲೀಪ್ ಸ್ಟಡಿ ಮಾಡಿಸಿದ ಡಾಕ್ಟರಮ್ಮ. ತಲೆಗೆ, ಎದೆಗೆ, ಬೆರಳಿಗೆ ವೈರು ಅಂಟಿಸಿ ಒಂದು ರಾತ್ರಿ ಮಲಗಿಸಿಕೊಂಡಿದ್ದರು. ಯಾವ ವೈರು ಎಲ್ಲಿಗೆ ಹೋಗಿದೆ ಎಂದು ನಾನು ಕಸುಬಿನ ಚಾಳಿಯಿಂದ ನೋಡುತ್ತ ಕೂತಿದ್ದೆ. ರಿಪೋರ್ಟ್ ಬಂದಾಗ ಡಾಕ್ಟರು, "ಸಿವಿಯರ್ ಸ್ಲೀಪ್ ಆಪ್ನಿಯಾ. ಗಂಟೆಗೆ ನಲವತ್ತು ಸಲ ಉಸಿರು ನಿಲ್ಲುತ್ತಿದೆ, ಆಕ್ಸಿಜನ್ ಇಳಿಯುತ್ತಿದೆ" ಎಂದು ಮರಾಠಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಮೂವತ್ತು ವರ್ಷ ಅದೇ ಹಾಸಿಗೆಯಲ್ಲಿ ಮಲಗಿದವನಿಗೆ ಇದು ತಿಳಿದಿರಲಿಲ್ಲ. ಎಲ್ಲೋ ಹೋಗುವ ಲಾರಿಯ ಸದ್ದು ಕೇಳಿಯೇ ದೋಷ ಹೇಳುವ ನನಗೆ ಅವತ್ತು ಆದಷ್ಟು ನಾಚಿಕೆ ಮತ್ತೆಂದೂ ಆಗಿಲ್ಲ.

ಮನೆಗೆ ಸಿಪ್ಯಾಪ್ ಮಶಿನ್ ಬಂತು. ಊಟದ ಡಬ್ಬಿಯಷ್ಟು ದೊಡ್ಡದು. ಅದರಿಂದ ಒಂದು ಪೈಪು, ಪೈಪಿನ ತುದಿಗೆ ಮೂಗಿಗೆ ಹಾಕುವ ಮಾಸ್ಕು. ಅದು ಗಾಳಿ ಒತ್ತಿ ಗಂಟಲು ಮುಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಮೊದಲ ವಾರ ಕಮಲಾ ಅದನ್ನು ಕಿತ್ತೆಸೆದಳು, ಅತ್ತಳು. ಎರಡನೇ ವಾರ ಹಾಕಿಕೊಂಡೇ ಮಲಗಿದಳು. ಮೂರನೇ ವಾರ ರೊಟ್ಟಿ ಬಡಿಯುತ್ತ ಗುನುಗುವುದು ಕೇಳಿಸಿತು. ಏರಿದ್ದ ಬಿಪಿ ಇಳಿಯಿತು. ನಾನು ನಿಶ್ಚಿಂತನಾದೆ.

ಅವಳು ಆಗಲಿಲ್ಲ. ಮುಂದಿನ ವಿಸಿಟ್‌ನಲ್ಲಿ ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳಿದಳು: "ಆಷಾಢದಾಗ ವಾರಿಗೆ ಹೋಗಬಹುದಲ್ರಿ?"

ಪುಣೆಯಲ್ಲಿರುವವರಿಗೆ ವಾರಿ ಎಂದರೆ ಬಿಡಿಸಿ ಹೇಳಬೇಕಿಲ್ಲ. ಸಂತರ ಪಾದುಕೆ ಹೊತ್ತ ಪಾಲಖಿಯ, ಅಂದರೆ ಪಲ್ಲಕ್ಕಿಯ, ಜೊತೆ ಪಂಢರಪುರದವರೆಗೆ ನಡಿಗೆ, ಎರಡು ವಾರದ ಮೇಲೆ. ನಾವು ಅಫಜಲಪುರ ಕಡೆಯವರು. ಕಮಲಾಳ ತವರು ಭೀಮಾ ದಂಡೆಯ ಮೇಲಿದೆ. ಪಂಢರಪುರದಿಂದ ಬಂದ ನೀರನ್ನೇ ಕುಡಿದು ಬೆಳೆದವಳು. ಮದುವೆಯಾಗಿ ಇಲ್ಲಿಗೆ ಬಂದಾಗಿನಿಂದ ಒಂದು ವರ್ಷವೂ ವಾರಿ ತಪ್ಪಿಸಿರಲಿಲ್ಲ. ಅವಳ ದಿಂಡಿಯಲ್ಲಿ, ಅಂದರೆ ಕೂಡಿ ನಡೆಯುವ ತಂಡದಲ್ಲಿ, ನಮ್ಮ ಕಡೆಯ ನೂರು ಜನ. ಹಗಲು ನಡಿಗೆ, ರಾತ್ರಿ ಹೊಲದಲ್ಲಿ ರಾಹುಟಿ ಹೊಡೆದು ಮಲಗುವುದು. ರಾಹುಟಿ ಅಂದರೆ ಬಟ್ಟೆಯ ಡೇರೆ. ಅದರಲ್ಲಿ ಕರೆಂಟ್ ಎಲ್ಲಿಯದು?

"ಮಶಿನ್ ಇಲ್ಲದೆ ಒಂದು ರಾತ್ರಿಯೂ ಬೇಡ" ಎಂದರು ಡಾಕ್ಟರು.

ಆ ವರ್ಷ ಪಾಲಖಿ ಹಡಪಸರ ದಾಟುವ ದಿನ ನಾವಿಬ್ಬರೂ ರಸ್ತೆಯ ಬದಿಗೆ ನಿಂತಿದ್ದೆವು. ಅವಳ ದಿಂಡಿ ಬಂತು. ಯಾರೋ ಕೈಬೀಸಿ ಕರೆದರು. ಅವಳು ನಾಲ್ಕು ಹೆಜ್ಜೆ ಅವರ ಜೊತೆ ಹಾಕಿದಳು. ಐದನೆಯದಕ್ಕೆ ನಿಂತಳು. ತಿರುಗಿ ಬಂದು ನನ್ನ ಪಕ್ಕದಲ್ಲಿ ನಿಂತಳು. ನಾನು ವಾರಿಯನ್ನು ಜನ್ಮವಿಡೀ ಗೇಲಿ ಮಾಡಿದವನು. "ಬಸ್ಸಿಗೆ ಕೂತರ ಐದು ತಾಸಿನ ದಾರಿ, ಕಾಲು ಯಾಕ ಸವಸ್ತೀರಿ?" ಎಂದು ಪ್ರತಿ ವರ್ಷ ಅವಳ ಚೀಲದ ಮುಂದೆ ನಿಂತು ಕೇಳುತ್ತಿದ್ದೆ. ಅವತ್ತು ಅವಳ ಮುಖ ನೋಡಲು ಆಗಲಿಲ್ಲ. ಮನೆಯಲ್ಲಿ ಅವಳ ತಾಳಜೋಡಿ ಮೊಳೆಗೆ ನೇತುಹಾಕಿಯೇ ಇತ್ತು. ದಿನಾ ಒರೆಸುತ್ತಿದ್ದಳು.

ಒಂದು ದಿನ ಊಟದ ಮುಂದೆ ಅಂದೆ: "ಕರೆಂಟೇ ಬೇಕಲ್ಲ? ನನ್ನ ಜನ್ಮ ಪೂರಾ ಅದರಾಗೇ ಹೋಗ್ಯದ."

ಜಂಬದಲ್ಲಿ ಕೆಲಸ ಶುರು ಮಾಡಿದೆ. ನನಗೆ ಬ್ಯಾಟರಿ ಎಂದರೆ ಲಾರಿ ಸ್ಟಾರ್ಟ್ ಮಾಡುವುದು. ಹತ್ತು ಟನ್ ಗಾಡಿಯನ್ನು ಒಂದೇ ಎಳೆತಕ್ಕೆ ಎಬ್ಬಿಸುವ ಬ್ಯಾಟರಿಗೆ ಈ ಡಬ್ಬಿ ಯಾವ ಲೆಕ್ಕ? ಗ್ಯಾರೇಜಿನಲ್ಲಿದ್ದ ಒಂದು ಹಳೆಯ ಬ್ಯಾಟರಿಗೆ ಇನ್ವರ್ಟರ್ ಜೋಡಿಸಿ, ಟೆರೇಸಿನ ಮೇಲೆ ಹಾಸಿಗೆ ಹಾಕಿ ಕಮಲಾಳನ್ನು ಮಲಗಿಸಿದೆ. ನಾನು ಪಕ್ಕದಲ್ಲಿ ಮಲಗಿದೆ.

ಬೆಳಕು ಹರಿಯುವ ಮೊದಲೇ ಲೋಡ್ ಗಾಡಿಯ ಸದ್ದು ಕೇಳಿ ಎದ್ದೆ. ಬ್ಯಾಟರಿ ಸತ್ತಿತ್ತು.

ಮಾರನೇ ದಿನ ಮೀಟರ್ ಹಿಡಿದು ಕೂತಾಗ ನನ್ನ ಮೂರ್ಖತನ ಒಂದೊಂದಾಗಿ ಹೊರಬಂತು. ಸ್ಟಾರ್ಟ್ ಮಾಡುವ ಬ್ಯಾಟರಿ ಒಂದು ಗಳಿಗೆಯ ಶೂರ. ರಾತ್ರಿಯಿಡೀ ಸ್ವಲ್ಪ ಸ್ವಲ್ಪ ಕೊಡು ಎಂದರೆ ಕುಸಿದು ಕೂರುತ್ತದೆ. ಅದೂ ಸಾಲದೆಂದು ನಾನು ಹನ್ನೆರಡು ವೋಲ್ಟನ್ನು ಇನ್ನೂರ ಮೂವತ್ತಕ್ಕೆ ಏರಿಸಿದ್ದೆ, ಮಶಿನಿನ ಅಡಾಪ್ಟರು ಅದನ್ನು ಮತ್ತೆ ಇಪ್ಪತ್ತನಾಲ್ಕಕ್ಕೆ ಇಳಿಸುತ್ತಿತ್ತು. ಪುಣೆಯಿಂದ ಸೊಲ್ಲಾಪುರಕ್ಕೆ ಹೋಗಲು ಮುಂಬೈ ಸುತ್ತಿ ಬಂದ ಹಾಗೆ. ಅರ್ಧ ಕರೆಂಟು ದಾರಿಯಲ್ಲೇ ಖರ್ಚು. ಇವೆಲ್ಲಕ್ಕಿಂತ ಮೇಲೆ, ಗಾಳಿಗೆ ತೇವ ಕೊಡಲು ನೀರು ಕಾಯಿಸುವ ಹ್ಯುಮಿಡಿಫೈಯರನ್ನು ಆರಿಸಿರಲೇ ಇಲ್ಲ. ಶಾಖ ಕುಡಿಯುವಷ್ಟು ಕರೆಂಟನ್ನು ಇನ್ಯಾವುದೂ ಕುಡಿಯುವುದಿಲ್ಲ ಎಂದು ಗ್ಯಾರೇಜಿನಲ್ಲಿ ಎಲ್ಲರಿಗೂ ಪಾಠ ಹೇಳುವವನು ನಾನು.

ಇನ್ವರ್ಟರ್ ತೆಗೆದೆ. ಹನ್ನೆರಡರಿಂದ ನೇರ ಇಪ್ಪತ್ತನಾಲ್ಕಕ್ಕೆ ಏರಿಸುವ ಕನ್ವರ್ಟರ್ ಹಾಕಿದೆ. ಲಿಥಿಯಂ ಬ್ಯಾಟರಿ ತಂದೆ, ಮಳೆ ಬಡಿಯದಂತೆ ಪೆಟ್ಟಿಗೆ ಮಾಡಿದೆ, ಫ್ಯೂಸ್ ಕೂರಿಸಿದೆ. ಹ್ಯುಮಿಡಿಫೈಯರ್ ಆರಿಸಿದರೆ ನಡೆಯುತ್ತದೆಯೇ ಎಂದು ಡಾಕ್ಟರನ್ನು ಕೇಳಿದೆ. ಗಂಟಲು ಒಣಗಬಹುದು, ಮಳೆಗಾಲದಲ್ಲಿ ಅಡ್ಡಿಯಿಲ್ಲ ಎಂದರು. ಈ ಸಲ ಟೆರೇಸಿನ ಮೇಲೆ ಎರಡು ರಾತ್ರಿ ಒಂದೇ ಚಾರ್ಜಿಗೆ ನಡೆಯಿತು.

ಡಾಕ್ಟರು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಷರತ್ತು ಹಾಕಿದರು. "ಈ ವರ್ಷ ನಾಲ್ಕೇ ರಾತ್ರಿ. ಮಶಿನಿನ ಕಾರ್ಡು ಎಲ್ಲ ಬರೆದಿಡುತ್ತದೆ. ಒಂದು ರಾತ್ರಿಯೂ ಖಾಲಿ ಇರಬಾರದು. ಖಾಲಿ ಇದ್ದರೆ ಮುಂದೆ ವಾರಿಯ ಮಾತೇ ತೆಗೆಯಬಾರದು."

ನಾಲ್ಕು ರಾತ್ರಿ ಅಂದರೆ ಸಾಸವಡದಲ್ಲಿ ಎರಡು, ಜೇಜುರಿಯಲ್ಲಿ ಒಂದು, ವಾಲ್ಹೆಯಲ್ಲಿ ಒಂದು. ಅಲ್ಲಿಂದ ನೀರಾ ನದಿ, ಅಲ್ಲಿಂದ ತಿರುಗಿ ಮನೆಗೆ. ಕಮಲಾ ಹೂಂ ಅಂದಳು. ಎರಡು ಕೈಯಲ್ಲೂ ನಮಸ್ಕಾರ ಮಾಡಿದಳು.

ದಿಂಡಿಯ ಹಿರಿಯರನ್ನು ಎಲ್ಲರೂ ಬುವಾ ಎನ್ನುತ್ತಾರೆ. ಎಪ್ಪತ್ತು ದಾಟಿದವರು. ಸಾಮಾನಿನ ಲಾರಿ ದಿನಾ ಬೆಳಿಗ್ಗೆ ಮುಂದಿನ ಊರಿಗೆ ಹೋಗುವಾಗ ಅದರ ಡೈನಮೋದಿಂದ ನನ್ನ ಬ್ಯಾಟರಿ ಚಾರ್ಜ್ ಮಾಡಿಕೊಳ್ಳಲೇ ಎಂದು ಕೇಳಿದೆ.

"ಮಾಡ್ಕೋ, ಮಾವುಲಿ" ಅಂದರು. ವಾರಿಯಲ್ಲಿ ಎಲ್ಲರೂ ಎಲ್ಲರಿಗೂ ಮಾವುಲಿಯೇ, ಅಂದರೆ ತಾಯಿ. "ಆದರ ಹೆಣಮಕ್ಕಳ ರಾಹುಟಿಯೊಳಗ ಗಂಡಸರು ಹೋಗಂಗಿಲ್ಲ ನೋಡು. ವೈರು ಆಕೀನೇ ಜೋಡಿಸ್ಬೇಕು."

ಹೀಗಾಗಿ ಕಮಲಾ ಕೆಂಪು ಯಾವುದಕ್ಕೆ, ಕಪ್ಪು ಯಾವುದಕ್ಕೆ ಕಲಿತಳು. ಫ್ಯೂಸ್ ಬದಲಿಸಲು ಕಲಿತಳು. ನನ್ನ ಕೈಕೆಳಗೆ ಇಷ್ಟು ಬೇಗ ಕಲಿತವರು ಯಾರೂ ಇಲ್ಲ.

ಹೊರಡುವ ದಿನ ಅವಳು ಮಾಸ್ಕು ತೊಳೆದು ನನ್ನ ಕೈಗೆ ಕೊಟ್ಟು ದಿಂಡಿಯ ಜೊತೆ ನಡೆದಳು. ನಾನು ಲಾರಿಯಲ್ಲಿ. ಒಣಗಲಿ ಎಂದು ಮಾಸ್ಕನ್ನು ಲಾರಿಯ ಬದಿಯ ಕೊಕ್ಕೆಗೆ ಸಿಕ್ಕಿಸಿದೆ. ಗ್ಯಾರೇಜಿನಲ್ಲಿ ವೈರಿನ ಸುರುಳಿಗಳನ್ನು ನೇತುಹಾಕುವ ಕೈ, ತಾನಾಗಿಯೇ ಕೊಕ್ಕೆಯತ್ತ ಹೋಯಿತು. ದಿವೇ ಘಾಟ್ ಹತ್ತಿ ಸಾಸವಡ ಮುಟ್ಟಿದೆವು. ಪೆಟ್ಟಿಗೆ ಇಳಿಸಿದೆ. ಬ್ಯಾಟರಿ ತುಂಬಿತ್ತು. ಹಸಿರು ದೀಪ ಉರಿಯುತ್ತಿತ್ತು.

ಕೊಕ್ಕೆ ಖಾಲಿ.

ಇನ್ನೊಂದು ಮಾಸ್ಕು ಮನೆಯಲ್ಲೂ ಇರಲಿಲ್ಲ. ಘಾಟಿನ ತುಂಬ ವಾರಿಯ ಜನ, ಪುಣೆಗೆ ತಿರುಗಿ ಹೋಗಿ ಕೊಂಡು ತರಲು ದಾರಿಯೂ ಇರಲಿಲ್ಲ. ಸಂಜೆ ಘಾಟ್ ಹತ್ತಿ ಬಂದ ಕಮಲಾಳ ಕಾಲಿಗೆ ಕೆಸರು, ಮುಖಕ್ಕೆ ಎರಡು ವರ್ಷದಿಂದ ನಾನು ಕಾಣದ ಕಳೆ. ಹೇಗೆ ಹೇಳಲಿ? ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹೋಗ್ಲಿ ಬಿಡ್ರಿ. ಮೊದಲ ರಾತ್ರೀನೇ ಖಾಲಿ ಉಳೀತು. ಘಾಟ್ ಒಂದು ಹತ್ತಿದ್ನಲ್ಲ, ಸಾಕು" ಅಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಬುವಾ ಕೇಳಿಸಿಕೊಂಡರು. "ಅಳೋದು ಆಮ್ಯಾಲ. ಮೊದಲ ಆರತಿಗಿ ನಡೀರಿ. ಮಾವುಲಿ, ನೀನೂ ತಾಳ ಹಿಡಿ" ಎಂದು ನನ್ನ ಕೈಗೆ ಒಂದು ಜೋಡಿ ತುರುಕಿದರು.

ಪಾಲಖಿ ಇಳಿದ ಬಯಲಿನಲ್ಲಿ ದಿಂಡಿಗಳೆಲ್ಲ ಸುತ್ತುವರಿದು ನಿಂತಿದ್ದವು. ಸಾವಿರಾರು ತಾಳ ಒಮ್ಮೆಗೇ ಬಡಿಯುತ್ತಿದ್ದವು. ಪಾಲಖಿಯ ಶಿಸ್ತು ನೋಡಿಕೊಳ್ಳುವ ಚೋಪದಾರರು ಬೆಳ್ಳಿಯ ಕೋಲು ಎತ್ತಿದ ಕೂಡಲೇ ಅಷ್ಟೂ ತಾಳ ನಿಂತವು. ಅಂಥ ಮೌನ ನಾನು ಕೇಳಿರಲಿಲ್ಲ. ಆದರೆ ಅಲ್ಲಿನ ಪದ್ಧತಿ ಒಂದಿದೆ: ಯಾವ ದಿಂಡಿಗೆ ಏನಾದರೂ ತಕರಾರು ಇದೆಯೋ ಅದು ಮಾತ್ರ ತಾಳ ನಿಲ್ಲಿಸುವುದಿಲ್ಲ. ಚೋಪದಾರರು ಅಲ್ಲಿಗೆ ಬಂದು ಕೇಳಿ ಬಗೆಹರಿಸಿದ ಮೇಲೆಯೇ ಆರತಿ.

"ಬಡೀರಿ" ಅಂದರು ಬುವಾ.

ಆ ಮೌನದಲ್ಲಿ ನಮ್ಮ ದಿಂಡಿಯ ತಾಳ ಮಾತ್ರ ಬಡಿಯತೊಡಗಿತು. ಮೂವತ್ತು ವರ್ಷ ಗೇಲಿ ಮಾಡಿದ ನಾನೂ ಬಡಿದೆ. ಲಯ ಗಿಯ ಗೊತ್ತಿಲ್ಲ. ಅಂಗೈ ಕೆಂಪಾಗುವ ಹಾಗೆ ಬಡಿದೆ. ಪಕ್ಕದಲ್ಲಿ ಕಮಲಾ ಕಣ್ಣು ಮುಚ್ಚಿ ಬಡಿಯುತ್ತಿದ್ದಳು. ಚೋಪದಾರರು ಬಂದರು, ಬುವಾ ಅವರ ಕಿವಿಯಲ್ಲಿ ಹೇಳಿದರು. ಅವರು ತಿರುಗಿ ಗಟ್ಟಿಯಾಗಿ ಸಾರಿದರು. "ನಾಕಾಚಂ ಕಾಹೀತರೀ ಹರವಲಂಯ!" ಮೂಗಿನದೇನೋ ಕಳೆದಿದೆಯಂತೆ. ನಗೆಯ ಒಂದು ಅಲೆ ಎದ್ದಿತು. ಆಮೇಲೆ ಅವರು, ಆ ತಾಯಿಗೆ ಅದಿಲ್ಲದೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ ಎಂದೂ ಹೇಳಿದರು. ಯಾರೂ ನಗಲಿಲ್ಲ.

ಎದುರಿನ ದಿಂಡಿಯಿಂದ ಒಬ್ಬ ಮುದುಕಿ ಕೈ ಎತ್ತಿ ಬಂದಳು. ಸೆರಗಿನ ಗಂಟು ಬಿಚ್ಚಿದಳು. ಘಾಟಿನಲ್ಲಿ ಕಾಲಿಗೆ ಸಿಕ್ಕಿತಂತೆ. ಏನೆಂದು ತಿಳಿಯದೆ, ತುಳಿಯಲು ಮನಸ್ಸಾಗದೆ ಕಟ್ಟಿಕೊಂಡು ನಡೆದಿದ್ದಳಂತೆ. "ಘೇ, ಮಾವುಲಿ" ಎಂದು ಕಮಲಾಳ ಕೈಗಿಟ್ಟು ಅವಳ ಕಾಲು ಮುಟ್ಟಿದಳು. ಕಮಲಾ ಅವಳ ಕಾಲು ಮುಟ್ಟಿದಳು. ನಾನು ಅತ್ತೆ. ಹೇಳಲು ನನಗೇನೂ ನಾಚಿಕೆಯಿಲ್ಲ.

ನಾಲ್ಕು ರಾತ್ರಿಯೂ ಮಶಿನ್ ನಡೆಯಿತು. ನಾನು ಲಾರಿಯ ಕೆಳಗೆ ತಾಡಪಾಲು ಹಾಸಿ ಮಲಗುತ್ತಿದ್ದೆ.

ಐದನೇ ಬೆಳಿಗ್ಗೆ ನೀರಾ ಸೇತುವೆಯ ಹತ್ತಿರ ನಾವು ಬದಿಗೆ ಸರಿದೆವು. ಪಾಲಖಿ ದಾಟಿ ಹೋಯಿತು. ದಿಂಡಿ ಹೋಯಿತು. ಬುವಾ ಹಿಂತಿರುಗಿ ನೋಡಿ ಕೈ ಎತ್ತಿದರು. ಕಮಲಾ ಕಟಾಂಜನ ಹಿಡಿದು ನದಿ ನೋಡುತ್ತ ನಿಂತಳು.

"ಈ ನೀರು ಭೀಮಾ ಕೂಡತದಲ್ರಿ?"

"ಹೌದು."

"ಅಂದ್ರ ಪಂಢರಪುರಕ್ಕ ಹೋಗ್ತದ" ಅಂದಳು. "ನಾ ಹೊಳ್ಳಿ ಮನೀಗಿ ಹೋಗ್ಲಕತ್ತೀನಿ."

ಡಾಕ್ಟರು ಕಾರ್ಡು ನೋಡಿದರು. ನಾಲ್ಕೂ ರಾತ್ರಿ ತುಂಬಿದ್ದವು. ಬಿಪಿ ಹೀಗೇ ಇದ್ದರೆ ಮುಂದಿನ ವರ್ಷ ನೋಡೋಣ ಎಂದರು. ಹೋಗಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನೋಡೋಣ ಎಂಬುದೇ ನಮಗೆ ದೊಡ್ಡದಾಗಿ ಕಂಡಿತು.

ಮೊನ್ನೆ ಆಷಾಢ ಏಕಾದಶಿ. ಅವಳ ದಿಂಡಿ ಪಂಢರಪುರದಲ್ಲಿತ್ತು. ಇಲ್ಲಿ ಕಮಲಾ ಉಪವಾಸವಿದ್ದು, ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗಲು ಹೋದವಳು ನನ್ನನ್ನು ಕರೆದಳು.

"ಗ್ವಾಡಿ ಪ್ಲಗ್ ತೆಗೀರಿ. ಬ್ಯಾಟರಿಗಿ ಹಚ್ಚರಿ."

"ಕರೆಂಟ್ ಅದಲ್ಲ?"

"ಇರ್ಲಿ. ಬ್ಯಾಟರಿಗೇ ಹಚ್ಚರಿ."

ಪೆಟ್ಟಿಗೆ ತಂದೆ. ಕೆಂಪು, ಕಪ್ಪು ಅವಳೇ ಜೋಡಿಸಿದಳು. ಮಾಸ್ಕು ಹಾಕಿಕೊಂಡು ಕಣ್ಣು ಮುಚ್ಚಿದಳು. ಉಸಿರು ಒಂದೇ ಸಮ ನಡೆಯುತ್ತಿತ್ತು, ಎಲ್ಲೂ ನಿಲ್ಲಲಿಲ್ಲ. ಹೊದಿಕೆಯಡಿ ಪಾದಗಳು ಅಲುಗುತ್ತಿದ್ದವು. ಎಡ, ಬಲ, ಎಡ, ಬಲ. ನಿದ್ದೆ ಹತ್ತುವವರೆಗೂ ಅಲುಗಿದವು. ನಾನು ಪಕ್ಕದಲ್ಲೇ ಕೂತಿದ್ದೆ.

ಅವಳು ಎದ್ದ ಮೇಲೆ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದೆ. ಬಹುತೇಕ ತುಂಬಿಯೇ ಇತ್ತು. ಆದರೂ ಹಾಕಿದೆ.